ಪಶುವೈದ್ಯ ಪದವಿ ಇಲ್ಲದೆ ವನ್ಯಜೀವಿ ರೋಗ ಸಂಶೋಧನೆ

ಬಿ.ಎಸ್ಸಿ ಪ್ರಾಣಿಶಾಸ್ತ್ರ ಮುಗಿಸಿ, ವೆಟರ್ನರಿ ಓದದೆ ವನ್ಯಜೀವಿಗಳ ರೋಗದ ಬಗ್ಗೆ ಸಂಶೋಧನೆ ಮಾಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಮಾಡಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನೇ ನೋಡಿ. ಸತ್ತ ಮಂಗದ ಶವಪರೀಕ್ಷೆ ಪಶುವೈದ್ಯರದ್ದು, ನೀವು ಅದನ್ನು ಮುಟ್ಟಲೇಬಾರದು. ಆದರೆ ಈ ಕಾಯಿಲೆಯ ವೈರಸ್ ಹರಡೋದು ಉಣುಗಿನಿಂದ; ಆ ಉಣುಗು, ಇಲಿ, ಕಾಡಿನ ಅಧ್ಯಯನ ನಿಮ್ಮದೇ.

ಮೊದಲು ಉಣುಗು ಹಿಡಿಯೋದು ಕಲಿಯಿರಿ. ಸುಮಾರು ಒಂದು ಮೀಟರ್ ಅಗಲದ ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ತರಗೆಲೆ ಮೇಲೆ ನಿಧಾನವಾಗಿ ಎಳೀಬೇಕು. ಹತ್ತು ಹೆಜ್ಜೆಗೊಮ್ಮೆ ಮಗುಚಿ ನೋಡಿದರೆ ಎಳ್ಳಿಗಿಂತ ಸಣ್ಣ ಮರಿ ಉಣುಗು ಹರಿದಾಡ್ತಿರುತ್ತವೆ, ಚಿಮಟದಲ್ಲಿ ಎತ್ತಿಕೊಳ್ಳಿ. ಇಬ್ಬನಿಗೆ ಬಟ್ಟೆ ಒದ್ದೆಯಾದರೆ ಅವು ಸರಿಯಾಗಿ ಹತ್ತೋದಿಲ್ಲ, ಲೆಕ್ಕ ತಪ್ಪುತ್ತೆ. ಉಣುಗು ಹತ್ತದಿರಲಿ ಅಂತ ಕೈಗೆ ಹಚ್ಚಿದ ಡೆಪಾ ಎಣ್ಣೆ ಬಟ್ಟೆಗೆ ತಾಗಿದರೂ ಅಷ್ಟೇ.

ಹೊಸಬರು ಎಡವೋದು ಇಲ್ಲಿ: ಎಲ್ಲವನ್ನೂ ಆಲ್ಕೋಹಾಲ್‌ಗೆ ಹಾಕಿಬಿಡ್ತಾರೆ. ಜಾತಿ ಗುರುತಿಸೋಕೆ ಶೇ. 70ರ ಆಲ್ಕೋಹಾಲ್ ಸರಿ, ಆದರೆ ಅದರಲ್ಲಿಟ್ಟ ಉಣುಗಿನಿಂದ ವೈರಸ್ ಬೆಳೆಸೋಕಾಗಲ್ಲ. ಅದಕ್ಕೆ ಬೇರೆ ಸೀಸೆಗಳು, ಐಸ್ ಪೆಟ್ಟಿಗೆ ಬೇಕು. ಮುಂದಿನ ಪರೀಕ್ಷೆ ಉನ್ನತ ಸುರಕ್ಷತೆಯ ಲ್ಯಾಬ್‌ನಲ್ಲೇ.

ಕಾಡಿಗೆ ಹೋಗುವ ಮುನ್ನ ಅರಣ್ಯ ಇಲಾಖೆಯ ಲಿಖಿತ ಅನುಮತಿ ಪಡೆಯಿರಿ. ಎಂ.ಎಸ್ಸಿಗೆ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರ (ಎನ್‌ಸಿಬಿಎಸ್), ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆ ನೋಡಿ. ಸಂಖ್ಯಾಶಾಸ್ತ್ರವನ್ನು ಮಾತ್ರ ಈಗಿನಿಂದಲೇ ಗಟ್ಟಿ ಮಾಡಿಕೊಳ್ಳಿ.