ಎಂಡಿಎಸ್ ಮುಗಿಸಿ ಬ್ರಿಟನ್ನಿಗೆ ಬಂದವರಿಗೆ

ತುಮಕೂರಿನಲ್ಲಿ ದಂತವೈದ್ಯಕೀಯ ಪದವಿ ಬಿಡಿಎಸ್ ಓದಿ, ಅಲ್ಲಿಯೇ ಓರಲ್ ಮತ್ತು ಮ್ಯಾಕ್ಸಿಲೋಫೇಶಿಯಲ್ ಸರ್ಜರಿಯಲ್ಲಿ (ಬಾಯಿ, ದವಡೆ ಮತ್ತು ಮುಖದ ಶಸ್ತ್ರಚಿಕಿತ್ಸೆ) ಸ್ನಾತಕೋತ್ತರ ಪದವಿ ಎಂಡಿಎಸ್ ಮುಗಿಸಿ, ಪತಿಯ ಉದ್ಯೋಗದ ನಿಮಿತ್ತ ಲೆಸ್ಟರಿಗೆ ಬಂದಿರುವ ತಾವು, ಇಲ್ಲಿನ ಆಸ್ಪತ್ರೆಯೊಂದರಲ್ಲಿ ಅದೇ ವಿಭಾಗದ ಸರ್ಜನ್ ಆಗಿ ನೇರವಾಗಿ ಸೇರಬಹುದೇ ಎಂದು ಕೇಳಿದ್ದೀರಿ. ನಾನೂ ಶಿರಾ ಕಡೆಯವನಾದ್ದರಿಂದ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಸಾಧ್ಯವಿಲ್ಲ.

ನಮ್ಮಲ್ಲಿ ಇದು ದಂತವೈದ್ಯಕೀಯದ ಶಾಖೆ. ಬ್ರಿಟನ್ನಿನಲ್ಲಿ ಇದು ವೈದ್ಯರ ನಿಯಂತ್ರಣ ಸಂಸ್ಥೆಯಾದ ಜನರಲ್ ಮೆಡಿಕಲ್ ಕೌನ್ಸಿಲ್‌ನ ವ್ಯಾಪ್ತಿಗೆ ಬರುವ ವೈದ್ಯಕೀಯ ಶಾಖೆಯಾಗಿದ್ದು, ಕನ್ಸಲ್ಟೆಂಟ್ (ಹಿರಿಯ ತಜ್ಞ) ಆಗಬೇಕೆನ್ನುವವರು ದಂತವೈದ್ಯಕೀಯ ಹಾಗೂ ವೈದ್ಯಕೀಯ ಪದವಿಗಳೆರಡನ್ನೂ ಪಡೆದು, ಫೌಂಡೇಶನ್ (ಪದವಿಯ ನಂತರದ ಆರಂಭಿಕ) ಮತ್ತು ಕೋರ್ ಸರ್ಜಿಕಲ್ (ಮೂಲ ಶಸ್ತ್ರಚಿಕಿತ್ಸಾ) ತರಬೇತಿಗಳನ್ನು ದಾಟಿ, ಸುಮಾರು 5 ವರ್ಷಗಳ ವಿಶೇಷ ತರಬೇತಿಯ ಜೊತೆಗೆ ಎಫ್‌ಆರ್‌ಸಿಎಸ್ ಎಂಬ ತಜ್ಞ ಸರ್ಜನ್‌ಗಳ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕು. ದಂತವೈದ್ಯರಿಗೆಂದು ಅವಧಿ ಕಡಿತಗೊಳಿಸಿದ ವೈದ್ಯಕೀಯ ಕೋರ್ಸುಗಳು ಕೆಲವೆಡೆ ಇವೆಯಾದರೂ, ಸಂಸಾರ ಹೂಡಿದವರಿಗೆ ಅದು ಹಣದಲ್ಲಿಯೂ ವಯಸ್ಸಿನಲ್ಲಿಯೂ ದುಬಾರಿ.

ಹಾಗೆಂದು ತಮ್ಮ ಎಂಡಿಎಸ್ ವ್ಯರ್ಥವಲ್ಲ. ಮೊದಲು ಇಲ್ಲಿನ ದಂತವೈದ್ಯರ ನಿಯಂತ್ರಣ ಸಂಸ್ಥೆಯಾದ ಜನರಲ್ ಡೆಂಟಲ್ ಕೌನ್ಸಿಲ್‌ನ ನೋಂದಣಿಗಾಗಿ, ವಿದೇಶದಲ್ಲಿ ಓದಿದ ದಂತವೈದ್ಯರಿಗಿರುವ ಓಆರ್‌ಇ ಪರೀಕ್ಷೆಯ ಎರಡೂ ಭಾಗಗಳನ್ನು ಮುಗಿಸಿ. ಸೀಟುಗಳು ತೆರೆದೊಡನೆ ತುಂಬಿಹೋಗುವುದರಿಂದ ಅರ್ಜಿಯ ದಿನಾಂಕದ ಮೇಲೆ ಕಣ್ಣಿರಲಿ. ಅಲ್ಲಿಯವರೆಗೆ ತರಬೇತಿನಿರತ ಡೆಂಟಲ್ ನರ್ಸ್ ಆಗಿ ದುಡಿಯುವವರು ನಮ್ಮವರಲ್ಲಿ ಅನೇಕರಿದ್ದಾರೆ. ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ನೋಂದಣಿಯಾದ ಬಳಿಕ ಮ್ಯಾಕ್ಸಿಲೋಫೇಶಿಯಲ್ ವಿಭಾಗದಲ್ಲಿಯೇ ಕಿರಿಯ ಹುದ್ದೆ ದೊರೆಯಬಹುದು. ರಾತ್ರಿ ಪಾಳಿಯಲ್ಲಿ ತುರ್ತು ವಿಭಾಗದಿಂದ ಬರುವ ಮೊದಲ ಕರೆ ಸಾಮಾನ್ಯವಾಗಿ ಇಂಥವರಿಗೇ.

ಕೆಲಸದ ಸ್ವರೂಪ ಮಾತ್ರ ಬೇರೆ. ತುಮಕೂರಿನಲ್ಲಿ ಹೆದ್ದಾರಿಯ ಬೈಕ್ ಅಪಘಾತಗಳಿಂದ ಮುರಿದ ದವಡೆಗಳನ್ನೂ, ಅಡಿಕೆ–ಗುಟ್ಕಾದಿಂದ ಬಾಯಿ ತೆರೆಯಲಾಗದೆ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ರೋಗಿಗಳನ್ನೂ ತಾವು ಸಾಕಷ್ಟು ನೋಡಿರುತ್ತೀರಿ. ಇಲ್ಲಿ ವಾರಾಂತ್ಯದ ಕುಡಿತದ ಹೊಡೆದಾಟಗಳು, ವೃದ್ಧರು ಬಿದ್ದು ಮಾಡಿಕೊಂಡ ಗಾಯಗಳು, ಮುಖದ ಚರ್ಮದ ಕ್ಯಾನ್ಸರ್ ಹೆಚ್ಚು. ಮುರಿದ ಮೂಳೆಗೆ ಪ್ಲೇಟ್ ಕೂರಿಸಿ ಪಳಗಿದ ಕೈ ತಮ್ಮದಾಗಿದ್ದರೂ ಹಲವು ಕಾಲ ಸಹಾಯಕರಾಗಿಯೇ ನಿಲ್ಲಬೇಕಾದೀತು. ಆಪರೇಷನ್ ಥಿಯೇಟರೇ ತಮ್ಮ ಪ್ರಾಣವಾದರೆ ಊರಿನಲ್ಲಿ ಸಿಗುವಷ್ಟು ಅವಕಾಶ ಇಲ್ಲಿ ಸಿಗದು ಎಂಬುದು ನನ್ನ ಅಭಿಪ್ರಾಯ. ಬುದ್ಧಿಹಲ್ಲು, ಇಂಪ್ಲಾಂಟ್‌ಗಳಂಥ ಕೆಲಸ ಒಗ್ಗುವುದಾದರೆ, ವೈದ್ಯಕೀಯ ಪದವಿ ಬೇಡದ ಓರಲ್ ಸರ್ಜರಿ ಎಂಬ ಪ್ರತ್ಯೇಕ ದಂತ ಶಾಖೆ ತಮಗೆ ಹೆಚ್ಚು ಸೂಕ್ತ.

ಮುಂದಿನ ಬಾರಿ ಊರಿಗೆ ಹೋದಾಗ ಬೆಂಗಳೂರಿನ ರಾಜ್ಯ ದಂತವೈದ್ಯ ಪರಿಷತ್ತಿನಿಂದ ಗುಡ್ ಸ್ಟ್ಯಾಂಡಿಂಗ್ ಪ್ರಮಾಣಪತ್ರವನ್ನು (ವೃತ್ತಿಯಲ್ಲಿ ತಮ್ಮ ಮೇಲೆ ದೂರು–ಕ್ರಮಗಳಿಲ್ಲವೆಂಬ ಪತ್ರ) ವಿಚಾರಿಸಿ, ಶಸ್ತ್ರಚಿಕಿತ್ಸೆಗಳ ಲಾಗ್‌ಬುಕ್‌ಗೆ ವಿಭಾಗದ ಮುಖ್ಯಸ್ಥರ ಸಹಿ–ಮೊಹರು ಹಾಕಿಸಿಕೊಂಡು ಬನ್ನಿ.