ಮೂವತ್ತು ಮಿಲಿಮೀಟರಿಗೆ ಇಷ್ಟೊಂದು ರಂಪವೇ?

(ನೆರೆ ಇಳಿದು ಹದಿನೈದು ದಿನವೂ ಆಗದ ಪ್ರದೇಶಗಳತ್ತ ಚಳಿಗಾಲದ ಮಳೆ-ಗಾಳಿ ಬರುತ್ತಿದೆ, ಹುಷಾರಾಗಿರಬೇಕು ಎಂದು ಕಳೆದ ಸಂಚಿಕೆಯಲ್ಲಿ ಒಂದು ಟಿಪ್ಪಣಿ ಬರೆದಿದ್ದೆವು. ಅದನ್ನು ಓದಿ ನಿವೃತ್ತ ಗಣಿತ ಅಧ್ಯಾಪಕರೊಬ್ಬರು ಬರೆದ ಕಾಗದದ ಸಾರ ಹೀಗಿದೆ: "ಮೊದಲ ಮಳೆ 180 ಮಿ.ಮೀ. ಈಗ ಬರುವುದು ಹೆಚ್ಚೆಂದರೆ 30 ಮಿ.ಮೀ. ಆರನೇ ಒಂದು ಭಾಗ. ಅಪಾಯವೂ ಆರನೇ ಒಂದು ಭಾಗವೇ ಇರಬೇಕಲ್ಲ? ಈಗಾಗಲೇ ಎರಡು ಸಲ ಹಳದಿ ಎಚ್ಚರಿಕೆ ಕೊಟ್ಟರು, ಎರಡು ಸಲವೂ ಏನೂ ಆಗಲಿಲ್ಲ. ನೊಂದವರನ್ನು ಮತ್ತೆ ಮತ್ತೆ ಹೆದರಿಸುವುದು ಸಭ್ಯತೆಯಲ್ಲ." ಜತೆಗೆ ತಮ್ಮ ಮಳೆಮಾಪಕದ ಮೂರು ವರ್ಷದ ಲೆಕ್ಕವನ್ನೂ ಲಗತ್ತಿಸಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. – ಸಂ.)

ಮೇಷ್ಟ್ರೇ,

ಆ ಟಿಪ್ಪಣಿಗೆ ನಮ್ಮನ್ನು ಬೈದವರು ಹಲವರಿದ್ದಾರೆ. ಲೆಕ್ಕ ಕೊಟ್ಟು ಬೈದವರು ನೀವೊಬ್ಬರೇ. ಅದಕ್ಕೇ ನಿಮ್ಮ ಕಾಗದವನ್ನು ಎತ್ತಿಕೊಂಡೆ. ಮೂರು ವರ್ಷ ಒಂದು ದಿನವೂ ತಪ್ಪಿಸದೆ ಮಳೆ ಅಳೆದವರ ಮುಂದೆ, ಕಿಟಕಿಯಿಂದ ಕೈ ಚಾಚಿ ಮಳೆ ನೋಡುವ ನನ್ನಂಥವನು ಸ್ವಲ್ಪ ತಗ್ಗಿ ಮಾತಾಡಬೇಕು. ಪ್ರಯತ್ನಿಸುತ್ತೇನೆ.

ನಿಮ್ಮ ಭಾಗಾಕಾರ ಸರಿಯಾಗಿದೆ. ನನ್ನ ತಕರಾರು ಲೆಕ್ಕ ಶುರುವಾದ ಜಾಗದ ಬಗ್ಗೆ. ಎರಡನೇ ಮಳೆಯೂ ಸೊನ್ನೆಯಿಂದಲೇ ಶುರುವಾಗುತ್ತದೆ ಎಂದು ನೀವು ಹಿಡಿದಿದ್ದೀರಿ. ನಿಮ್ಮ ಮಾಪಕದಲ್ಲಿ ಹಾಗೇ ಆಗುತ್ತದೆ: ಬೆಳಿಗ್ಗೆ ಎದ್ದು ನೀರು ಅಳೆದು, ಚೆಲ್ಲಿ, ಖಾಲಿ ಪಾತ್ರೆಯನ್ನು ಮತ್ತೆ ಅಲ್ಲೇ ಇಡುತ್ತೀರಿ. ನೆಲವನ್ನು ಹಾಗೆ ಎತ್ತಿ ಚೆಲ್ಲಿ ಇಡುವವರು ಯಾರಿದ್ದಾರೆ? ತುಂಬಿದ ಕೊಡ ತುಳುಕುವುದಿಲ್ಲ ಅನ್ನುವ ಗಾದೆ ನನಗೆ ಮೊದಲಿನಿಂದಲೂ ಅರ್ಧ ಸತ್ಯ ಅನ್ನಿಸಿದೆ. ಅದಕ್ಕೆ ಇನ್ನೊಂದು ಚೊಂಬು ಹುಯ್ದು ನೋಡಿದವರು ಆ ಗಾದೆ ಕಟ್ಟಿರಲಾರರು.

ಇದನ್ನು ನಾನು ಕಲಿತದ್ದು ಓದಿನಿಂದಲ್ಲ. ವರದಿಗಾರನಾಗಿದ್ದ ಕಾಲದಲ್ಲಿ ನೆರೆ ಇಳಿದ ಒಂದು ಊರಿಗೆ ಹೋಗಿದ್ದೆ. ಬಿಸಿಲು ಬಂದಿತ್ತು. ಗದ್ದೆಯ ಮೇಲೆ ಬೂದುಬಣ್ಣದ ರೇವೆ ಮಣ್ಣು ಒಣಗಿ, ಬಿರುಕುಬಿಟ್ಟು, ಹಪ್ಪಳದ ಹಾಗೆ ಅಂಚು ಎತ್ತಿಕೊಂಡಿತ್ತು. ನೋಡಿದರೆ ನೆಲ ಒಣಗಿದೆ ಎಂದೇ ಅನ್ನಬೇಕು. ನಾನೂ ಹಾಗೇ ಅಂದೆ. ಪಕ್ಕದಲ್ಲಿದ್ದ ವಯಸ್ಸಾದ ರೈತರು ಮಾತಾಡದೆ ಕೈಯಲ್ಲಿದ್ದ ಕೋಲನ್ನು ಒಂದು ಗೇಣು ಚುಚ್ಚಿ ತೆಗೆದರು. ಇಬ್ಬರೂ ತೂತನ್ನು ನೋಡುತ್ತ ನಿಂತೆವು. ಒಂದು ನಿಮಿಷವೂ ಆಗಿರಲಿಲ್ಲ, ತಳದಲ್ಲಿ ಏನೋ ಮಿನುಗಿತು. ಆಮೇಲೆ ನೀರು ತಾನಾಗಿ ಮೇಲೇರಿ ಬಂತು, ಯಾರೋ ಕೆಳಗಿನಿಂದ ತುಂಬುತ್ತಿದ್ದ ಹಾಗೆ. "ಇದು ಇನ್ನು ಕುಡಿಯಲ್ಲ ಸ್ವಾಮಿ" ಅಂದರು. ಅಷ್ಟೇ. ನಾನು ಸಂಜೆ "ನೆರೆ ಇಳಿಮುಖ, ಜನಜೀವನ ಸಹಜ ಸ್ಥಿತಿಗೆ" ಎಂದು ಸುದ್ದಿ ಕಳಿಸಿದೆ. ಐದನೇ ದಿನ ಸಾಧಾರಣ ಮಳೆಯೊಂದು ಬಂದು ಆ ಊರಿನ ರಸ್ತೆಯನ್ನು ಮತ್ತೆ ಮುಳುಗಿಸಿತು. ಆ ತೂತು ಇವತ್ತಿಗೂ ಕಣ್ಣಮುಂದೆ ಇದೆ. ನನ್ನ ಸುದ್ದಿಯ ಕತ್ತರಿಕೆಯನ್ನು ಮಾತ್ರ ಎಲ್ಲಿಟ್ಟೆನೋ ನೆನಪಿಲ್ಲ, ಹುಡುಕಿಯೂ ಇಲ್ಲ.

ಮಣ್ಣಿನ ಕಣಗಳ ನಡುವೆ ಸಂದುಗಳಿರುತ್ತವೆ. ಮಳೆ ಬಂದಾಗ ಗಾಳಿ ಹೊರಗೆ ಹೋಗಿ ನೀರು ಒಳಗೆ ಕೂರುತ್ತದೆ. ಸಂದುಗಳೆಲ್ಲ ತುಂಬಿದ ಮೇಲೆ ಬೀಳುವ ನೀರಿಗೆ ಹರಿಯುವುದೊಂದೇ ದಾರಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ನಿಮ್ಮ ಮೂವತ್ತು ಮಿಲಿಮೀಟರ್ ಒಂದು ಚದರ ಕಿಲೋಮೀಟರಿನ ಮೇಲೆ ಬಿದ್ದರೆ ಮೂರು ಕೋಟಿ ಲೀಟರ್. ಒಣ ನೆಲ ಅದರಲ್ಲಿ ಬಹುಪಾಲನ್ನು ಸದ್ದಿಲ್ಲದೆ ನುಂಗಿಕೊಳ್ಳುತ್ತದೆ. ನೆನೆದ ನೆಲ ಹೆಚ್ಚುಕಮ್ಮಿ ಅಷ್ಟನ್ನೂ ಹಳ್ಳಕ್ಕೆ ದಾಟಿಸುತ್ತದೆ. ಹಳ್ಳವಾದರೂ ಮೊದಲಿನ ಹಾಗಿದೆಯೇ? ನೆರೆ ತಂದ ಮರಳು, ಜಲ್ಲಿ, ಬೇರುಸಮೇತ ಬಂದ ಮರ, ಯಾರದೋ ಮನೆಯ ಬಾಗಿಲು, ಎಲ್ಲ ಅದರ ಹೊಟ್ಟೆಯಲ್ಲಿರುತ್ತವೆ. ಪಾತ್ರದ ಆಳವೇ ಕಮ್ಮಿಯಾಗಿರುತ್ತದೆ. ಮೇಲಾಗಿ ಇದು ಚಳಿಗಾಲ. ಹಗಲು ಗಿಡ್ಡ, ಬಿಸಿಲು ಸಪ್ಪೆ, ಆವಿಯಾಗುವುದು ಕಡಿಮೆ. ತಣ್ಣನೆಯ ದೇಶಗಳಲ್ಲಿ ಮರಗಳು ಎಲೆ ಉದುರಿಸಿಕೊಂಡು ನಿಂತಿರುತ್ತವೆ, ಬೇರುಗಳೂ ನೀರು ಎಳೆಯುವುದಿಲ್ಲ. ಅಲ್ಲಿ ಒಮ್ಮೆ ತುಂಬಿದ ನೆಲ ವಸಂತದವರೆಗೂ ಬರಿದಾಗುವುದಿಲ್ಲ.

2015ರ ಡಿಸೆಂಬರ್ ಮೊದಲ ವಾರವನ್ನು ನೆನಪಿಸಿಕೊಳ್ಳಿ. ಒಂದೇ ವಾರದಲ್ಲಿ ಭೂಮಿಯ ಎರಡು ಕಡೆ ಒಂದೇ ಪಾಠ ನಡೆಯಿತು. ಚೆನ್ನೈಯಲ್ಲಿ ನವೆಂಬರ್ ತಿಂಗಳ ಮಳೆಯೇ ಸಾವಿರ ಮಿಲಿಮೀಟರ್ ದಾಟಿತ್ತು. ಕೆರೆಗಳು ಕೋಡಿ ಬಿದ್ದಿದ್ದವು. ಅದರ ಮೇಲೆ ಡಿಸೆಂಬರ್ 1 ಮತ್ತು 2ರ ಮಳೆ. ತಾಂಬರಂನಲ್ಲಿ ಒಂದೇ ದಿನಕ್ಕೆ 490 ಮಿ.ಮೀ. ಚೆಂಬರಂಬಾಕ್ಕಂ ಕೆರೆಯಿಂದ ನೀರು ಬಿಟ್ಟರು, ಅಡ್ಯಾರ್ ನದಿ ಊರೊಳಗೆ ನುಗ್ಗಿತು. (ಪತ್ರಿಕೆಯವನ ಕಣ್ಣಿಗೆ ಬೀಳುವ ಸಂಗತಿಯೇ ಬೇರೆ. 1878ರಲ್ಲಿ ಶುರುವಾದ 'ದಿ ಹಿಂದೂ' ಆ ದಿನ ಚೆನ್ನೈಯಲ್ಲಿ ಅಚ್ಚಾಗಲಿಲ್ಲ. ಅಚ್ಚುಕೂಟಕ್ಕೆ ಕೆಲಸದವರು ತಲುಪಲಾಗಲಿಲ್ಲ. ನೆರೆಯ ಸುದ್ದಿಯನ್ನು ನೆರೆಯೇ ನುಂಗಿತು.) ಮೂರು ದಿನ ಬಿಟ್ಟು, ಇಂಗ್ಲೆಂಡಿನ ಕಂಬ್ರಿಯಾದಲ್ಲಿ ಡೆಸ್ಮಂಡ್ ಬಿರುಗಾಳಿ ಬಂತು. ಹಾನಿಸ್ಟರ್ ಕಣಿವೆದಾರಿಯಲ್ಲಿ 24 ಗಂಟೆಗೆ 341.4 ಮಿ.ಮೀ. ಬಿತ್ತು. ಅದು ಬ್ರಿಟನ್ನಿನ ದಾಖಲೆ. ಅಲ್ಲೂ ನವೆಂಬರ್ ಪೂರ್ತಿ ಮಳೆ ಹಿಡಿದುಕೊಂಡಿತ್ತು.

ಇವೆರಡೂ ದೈತ್ಯ ಮಳೆಗಳೇ ಆದವಲ್ಲ, ನನ್ನ ಮೂವತ್ತು ಮಿಲಿಮೀಟರಿಗೂ ಇವಕ್ಕೂ ಏನು ಸಂಬಂಧ ಎನ್ನುತ್ತೀರಿ. ನನಗೆ ಮುಖ್ಯ ಅನ್ನಿಸುವುದು ಡೆಸ್ಮಂಡ್ ಹೋದ ಮೇಲಿನ ದಿನಗಳು. ಅಲ್ಲಿನ ಬೆಟ್ಟಗಳ ಬುಡದಲ್ಲಿ ಗ್ಲೆನ್‌ರಿಡಿಂಗ್ ಎಂಬ ಪುಟ್ಟ ಊರಿದೆ. ಡೆಸ್ಮಂಡ್ ಅದರ ಹಳ್ಳಕ್ಕೆ ಬೆಟ್ಟದ ಕಲ್ಲು-ಜಲ್ಲಿಯನ್ನು ತಂದು ಸುರಿದಿತ್ತು. ಯಂತ್ರಗಳು ಹಳ್ಳದೊಳಗೆ ಇಳಿದು ಬಗೆಯುತ್ತಿದ್ದ ದಿನಗಳಲ್ಲೇ ಇನ್ನಷ್ಟು ಮಳೆ ಬಂತು. ದಾಖಲೆ ಬರೆಯುವಂಥದ್ದೇನೂ ಅಲ್ಲ. ಊರು ಮತ್ತೆ ಮುಳುಗಿತು. ಆ ಒಂದೇ ತಿಂಗಳಲ್ಲಿ ಮೂರು ಸಲ ಮುಳುಗಿತು. ಗುಡಿಸಿ, ತೊಳೆದು, ಒದ್ದೆ ಚಾಪೆಗಳನ್ನು ಬೀದಿಗೆ ಎಸೆದು ಬಂದವರು ಮತ್ತೆ ಪೊರಕೆ ಹಿಡಿದರು. ಅಲ್ಲಿಗೆ ಹೋಗಿ ಆರನೇ ಒಂದು ಭಾಗದ ಲೆಕ್ಕ ಹೇಳಿ ಬನ್ನಿ ಎಂದರೆ ನೀವು ಹೋಗುತ್ತೀರಾ?

"ಏನೂ ಆಗಲಿಲ್ಲ" ಎನ್ನುವ ನಿಮ್ಮ ಮಾತಿಗೂ ಅದೇ ತಿಂಗಳಿನಿಂದಲೇ ಒಂದು ಉದಾಹರಣೆ. ಕ್ರಿಸ್‌ಮಸ್ ಮರುದಿನ ಯಾರ್ಕ್‌ಶೈರ್‌ನಲ್ಲಿ ನೆರೆ ಬಂತು. ಟಾಡ್‌ಕಾಸ್ಟರ್ ಊರಿನ ಹಳೆಯ ಕಲ್ಲಿನ ಸೇತುವೆ ಆ ದಿನ ಬೀಳಲಿಲ್ಲ. ಮೂರು ದಿನ ಕಳೆದು, 29ರಂದು, ಜನ ನೋಡುತ್ತಿರುವಾಗಲೇ ಅದರ ಒಂದು ಭಾಗ ಕುಸಿದು ಹೊಳೆಗೆ ಬಿತ್ತು. ಮಳೆ ನಿಂತರೂ ಮರದ ಹನಿ ನಿಲ್ಲದು.

ಎಚ್ಚರಿಕೆಗಳ ವಿಷಯದಲ್ಲಿ ನಿಮ್ಮ ಬೇಸರ ನ್ಯಾಯವಾದದ್ದೇ, ಒಪ್ಪಿದೆ. ದಿನಾ ತೋಳ ಬಂತು ತೋಳ ಎಂದರೆ ಕೊನೆಗೆ ಯಾರೂ ತಿರುಗಿ ನೋಡುವುದಿಲ್ಲ. ಅದರಲ್ಲಿ ಪತ್ರಿಕೆಗಳ ಪಾಲೂ ಇದೆ. ಆದರೆ ಬಣ್ಣದ ಅರ್ಥವನ್ನು ನೀವು ತಪ್ಪಾಗಿ ಹಿಡಿದಿರಿ. ಹಳದಿ ಎಂದರೆ ಇಷ್ಟು ಮಿಲಿಮೀಟರ್, ಕಿತ್ತಳೆ ಎಂದರೆ ಇಷ್ಟು ಎಂದುಕೊಂಡಿದ್ದೀರಿ. ಬ್ರಿಟನ್ನಿನ ಹವಾಮಾನ ಇಲಾಖೆ 2011ರಲ್ಲೇ ಆ ಪದ್ಧತಿ ಬಿಟ್ಟು, ಎಷ್ಟು ಹಾನಿಯಾದೀತು, ಆಗುವ ಸಂಭವ ಎಷ್ಟು, ಈ ಎರಡನ್ನೂ ಕೂಡಿಸಿ ಬಣ್ಣ ಹಚ್ಚತೊಡಗಿತು. ವಿಶ್ವ ಹವಾಮಾನ ಸಂಸ್ಥೆ 2015ರಲ್ಲಿ ಎಲ್ಲ ದೇಶಗಳಿಗೂ ಇದೇ ದಾರಿಯ ಮಾರ್ಗಸೂಚಿ ಕೊಟ್ಟಿತು. ಹಾಗಾಗಿ ಒಂದೇ ಮಳೆಗೆ ಒಣಗಿದ ಕಡೆ ಬಣ್ಣವೇ ಇರದೆ, ನೆರೆ ಬಂದ ಕಡೆ ಹಳದಿಯೋ ಕಿತ್ತಳೆಯೋ ಬೀಳಬಹುದು. ಸಂಭವ ಎನ್ನುವುದನ್ನು ನಿಮಗೆ ನಾನು ಹೇಳಿಕೊಡಬೇಕೇ? ಹತ್ತರಲ್ಲಿ ಮೂರು ಎಂದವನು ಎರಡು ಸಲ ತಪ್ಪಿದರೆ ಅವನನ್ನು ಸುಳ್ಳ ಎನ್ನಲಾಗುವುದಿಲ್ಲ. ನೀವೇ ಪಾಠ ಮಾಡಿರಬೇಕು. "ನೂರು ವರ್ಷದ ನೆರೆ" ಎಂಬ ಮಾತೂ ಹೀಗೆಯೇ ಜನರ ದಾರಿ ತಪ್ಪಿಸಿದೆ. ಅದರ ಅರ್ಥ ಪ್ರತಿ ವರ್ಷವೂ ನೂರಕ್ಕೆ ಒಂದರ ಸಂಭವ ಎಂದು. ಮೂವತ್ತು ವರ್ಷ ಅದೇ ಮನೆಯಲ್ಲಿದ್ದವನಿಗೆ ಒಮ್ಮೆಯಾದರೂ ಅದು ಎದುರಾಗುವ ಸಂಭವ ಸುಮಾರು ನೂರಕ್ಕೆ 26. ನಮ್ಮ ಉಪಸಂಪಾದಕರು ಇದನ್ನು "ಶತಮಾನಕ್ಕೊಮ್ಮೆ" ಎಂದು ತಲೆಬರಹ ಮಾಡುತ್ತಾರೆ. ಓದಿದವನು ಇನ್ನು ತೊಂಬತ್ತೊಂಬತ್ತು ವರ್ಷ ನಿಶ್ಚಿಂತೆ ಎಂದು ಕಾಲು ಚಾಚುತ್ತಾನೆ.

ಇಷ್ಟು ಹೊತ್ತು ಮಳೆಯದ್ದೇ ಆಯಿತು. ನಿಮ್ಮ ಕಾಗದದಲ್ಲಿ ಗಾಳಿಯ ಹೆಸರೇ ಇಲ್ಲ, ಮಾಪಕಕ್ಕೆ ಅದು ಬೀಳುವುದಿಲ್ಲ ನೋಡಿ. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. ನೆನೆದ ಮಣ್ಣಿನಲ್ಲಿ ಬೇರಿನ ಹಿಡಿತವೋ, ಸಡಿಲ. 1987ರ ಅಕ್ಟೋಬರ್ 15ರ ರಾತ್ರಿ ದಕ್ಷಿಣ ಇಂಗ್ಲೆಂಡಿನಲ್ಲಿ ಬೀಸಿದ ಗಾಳಿಗೆ ಒಂದೂವರೆ ಕೋಟಿ ಮರಗಳು ಉರುಳಿದವು. ಗಾಳಿ ಜೋರಾಗಿದ್ದದ್ದು ನಿಜ. ಆದರೆ ಮರಗಳಲ್ಲಿ ಇನ್ನೂ ಎಲೆ ತುಂಬಿತ್ತು, ಮೊದಲೇ ಸುರಿದ ಮಳೆಗೆ ನೆಲ ಮೆತ್ತಗಾಗಿತ್ತು. ಆ ದಿನ ಟಿವಿಯಲ್ಲಿ ಹವಾಮಾನ ಹೇಳುತ್ತಿದ್ದ ಮೈಕೆಲ್ ಫಿಶ್, ಚಂಡಮಾರುತ ಬರುತ್ತಿದೆ ಎಂದು ಯಾರೋ ಮಹಿಳೆ ಫೋನ್ ಮಾಡಿದ್ದರು, ಹಾಗೇನೂ ಇಲ್ಲ, ಚಿಂತೆ ಬೇಡ ಎಂದು ನಗುನಗುತ್ತ ಹೇಳಿದ್ದರು. ಪಾಪ, ಜೀವಮಾನವಿಡೀ ಆ ನಗು ಅವರನ್ನು ಹಿಂಬಾಲಿಸಿತು. ನಾವು ಹೆದರಿಸುತ್ತೇವೆ ಎನ್ನುತ್ತೀರಿ. ಹೆದರಿಸದೆ ಹೋದವರ ಗತಿಯೂ ಹೀಗಿದೆ.

ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಒಂದು ಮರದ ಕಥೆ ಹೇಳದೆ ಮುಂದೆ ಹೋಗಲಾರೆ, ಕ್ಷಮಿಸಿ. 1798ರಲ್ಲಿ ನೆಟ್ಟ ಟರ್ನರ್ಸ್ ಓಕ್ ಎಂಬ ಮರ ಹಲವು ವರ್ಷಗಳಿಂದ ಸೊರಗುತ್ತಿತ್ತು. ಆ ರಾತ್ರಿಯ ಗಾಳಿ ಅದನ್ನು ಬೇರಿನ ಗಡ್ಡೆಯ ಸಮೇತ ಎತ್ತಿ ಮತ್ತೆ ಅದೇ ಗುಂಡಿಯಲ್ಲಿ ಕೂರಿಸಿತು. ಸತ್ತಿತು ಎಂದುಕೊಂಡು ಆನಿಕೆ ಕೊಟ್ಟು ಸುಮ್ಮನಾದರು. ಕೆಲವು ವರ್ಷ ಬಿಟ್ಟು ನೋಡಿದರೆ ಮರ ಮೊದಲಿಗಿಂತ ದಷ್ಟಪುಷ್ಟ! ನೋಡಲು ಬಂದವರ ಕಾಲ್ತುಳಿತಕ್ಕೆ ಗಟ್ಟಿಯಾಗಿದ್ದ ಮಣ್ಣನ್ನು ಗಾಳಿ ಸಡಿಲಿಸಿತ್ತು, ಬೇರಿಗೆ ಉಸಿರಾಡಲು ದಾರಿಯಾಗಿತ್ತು. ತುಳಿದು ಗಟ್ಟಿಯಾದ ಮಣ್ಣು ಗಾಳಿಯನ್ನೂ ಒಳಗೆ ಬಿಡದು, ನೀರನ್ನೂ ಬಿಡದು. ನೆರೆ ಬಂದ ಕಡೆ ಪರಿಹಾರದ ಲಾರಿಗಳು, ಮಣ್ಣೆತ್ತುವ ಯಂತ್ರಗಳು, ನೋಡಲು ಬರುವ ಗಣ್ಯರ ಕಾರುಗಳು ಹಸಿ ನೆಲದ ಮೇಲೆ ಓಡಾಡಿ ಮಾಡುವುದೂ ಇದನ್ನೇ.

ಗಣ್ಯರ ವಿಷಯ ಬಂತಲ್ಲ, ನನ್ನ ಹೊಟ್ಟೆಯುರಿಯನ್ನೂ ಹೇಳಿಬಿಡುತ್ತೇನೆ. ಮೊದಲ ನೆರೆಗೆ ಹೆಲಿಕಾಪ್ಟರ್ ಇದೆ, ಮುಖಪುಟವಿದೆ. ಎರಡನೆಯದಕ್ಕೆ ಏನೂ ಇಲ್ಲ. ನಾನು ಕೋಲಿನ ತೂತು ನೋಡಿಬಂದ ಊರು ಎರಡನೇ ಸಲ ಮುಳುಗಿದಾಗ ಅರ್ಧ ಕಾಲಂ ಜಾಗ ಕೇಳಿದೆ. ಮೇಜಿನ ಆಚೆ ಕೂತಿದ್ದ ಹಿರಿಯರು ಕಣ್ಣೆತ್ತದೆ "ಮೊನ್ನೆ ತಾನೇ ಹಾಕಿದ್ವಲ್ಲಪ್ಪ" ಅಂದರು. ಒಳಪುಟದಲ್ಲಿ, ಟೆಂಡರ್ ಜಾಹೀರಾತಿನ ಕೆಳಗೆ, ಐದು ಸಾಲು ಬಂತು. ಮೊದಲ ನೆರೆಯಲ್ಲಿ ಜನರ ಬಳಿ ಇನ್ನೂ ಏನಾದರೂ ಇರುತ್ತದೆ: ಒಂದಿಷ್ಟು ಹಣ, ಒಣ ಬಟ್ಟೆ, ಕರೆದುಕೊಂಡು ಹೋಗಿ ಇಟ್ಟುಕೊಳ್ಳುವ ನೆಂಟರು, ಮೈಯಲ್ಲಿ ಕಸುವು. ಎರಡನೆಯದು ಬರುವ ಹೊತ್ತಿಗೆ ಅದೆಲ್ಲ ಖರ್ಚಾಗಿರುತ್ತದೆ. ನೆನೆದ ಗೋಡೆ ಅಂಗುಲಕ್ಕೆ ಒಂದು ತಿಂಗಳ ಹಾಗೆ ಒಣಗುತ್ತದೆ ಎಂಬುದು ಕಟ್ಟಡದವರ ಕೈಲೆಕ್ಕ. ಒಂಬತ್ತು ಅಂಗುಲದ ಗೋಡೆಗೆ ಎಷ್ಟಾಯಿತು, ನೀವೇ ಗುಣಿಸಿ. ಅಷ್ಟರೊಳಗೆ ಸೂರಿನ ಮೇಲೆ ಕಟ್ಟಿದ ಟಾರ್ಪಾಲನ್ನು ಗಾಳಿ ಕಿತ್ತುಕೊಂಡು ಹೋದರೆ, ಅದಕ್ಕೆ ಯಾವ ದಾಖಲೆಯ ಮಳೆಯೂ ಬೇಕಾಗಿಲ್ಲ.

ನೆಲದ ನೆನಪು ನಮ್ಮ ನೆನಪಿಗಿಂತ ದೊಡ್ಡದು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಸುಮಾಸ್ ಎಂಬ ಕೆರೆಯಿತ್ತು. 1924ರಲ್ಲಿ ಅದನ್ನು ಬತ್ತಿಸಿ ಹೊಲ ಮಾಡಿದರು. 2021ರ ನವೆಂಬರಿನಲ್ಲಿ ಮಳೆ ಹುಯ್ದು ಒಡ್ಡು ಒಡೆದಾಗ ನೀರು ಹೋಗಿ ನಿಂತದ್ದು ಸರಿಯಾಗಿ ಆ ಕೆರೆಯ ಜಾಗದಲ್ಲೇ. ಒಡ್ಡು ಮುಚ್ಚುವ ಕೆಲಸ ನಡೆಯುತ್ತಿರುವಾಗಲೇ ತಿಂಗಳ ಕೊನೆಗೆ ಸಾಲಾಗಿ ಇನ್ನಷ್ಟು ಮಳೆ ಬಂತು. ಅಲ್ಲಿನ ಎಂಜಿನಿಯರುಗಳು ಆಗ ಆಕಾಶವನ್ನೂ ನೋಡುತ್ತಿದ್ದರು, ಒಡ್ಡಿನ ಎತ್ತರವನ್ನೂ ನೋಡುತ್ತಿದ್ದರು. ನಾವು ಆ ಟಿಪ್ಪಣಿಯಲ್ಲಿ ಕೇಳಿಕೊಂಡದ್ದೂ ಅಷ್ಟೇ.

ನಿಮ್ಮ ಮೂರು ವರ್ಷದ ಲೆಕ್ಕದ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಹೊಸ ಪುಸ್ತಕ ಹಾಕುವಾಗ ತಾರೀಖು, ಮಿಲಿಮೀಟರ್ ಎರಡರ ಪಕ್ಕ ಇನ್ನೊಂದು ಕಾಲಂ ಗೆರೆ ಎಳೆದುಬಿಡಿ: ಕೋಲು ಚುಚ್ಚಿದಾಗ ನೀರು ಬಂತೋ ಇಲ್ಲವೋ, ಬಂದರೆ ಎಷ್ಟು ಹೊತ್ತಿಗೆ. ಒಂದು ಮಳೆಗಾಲ, ಒಂದು ಚಳಿಗಾಲ ಬರೆದು ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇನೆ. ಅಂದಹಾಗೆ ಎರಡನೇ ವರ್ಷದ ಕೊನೆಯ ಹಾಳೆಯಲ್ಲಿ ಒಟ್ಟು ಮೊತ್ತ ನಾಲ್ಕು ಮಿಲಿಮೀಟರ್ ಕಮ್ಮಿ ಬಂದಿದೆ. ನನ್ನ ಕೂಡುವಿಕೆಯ ಮೇಲೆ ನನಗೇ ನಂಬಿಕೆ ಸಾಲದೆ ಎರಡು ಸಲ ಕೂಡಿದೆ. ಡಿಸೆಂಬರ್ ತಿಂಗಳದ್ದೇ ಎಲ್ಲೋ ಬಿಟ್ಟುಹೋದಂತಿದೆ, ಒಮ್ಮೆ ನೋಡಿ.

– ಸಂಪಾದಕ