ಪತ್ರಿಕೆಯ ತುಣುಕು, ವೈದ್ಯರ ಚೀಟಿ: ಮಲೆನಾಡಿನ ಓದುಗರ ಐದು ಪ್ರಶ್ನೆಗಳು

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಹೊಸ ಸಂಶೋಧನೆ ಬಂದಿದೆಯಂತೆ’ ಎಂದೇ ಶುರುವಾಗುತ್ತವೆ. ಕೆಲವರು ಪತ್ರಿಕೆಯ ತುಣುಕನ್ನು ಕತ್ತರಿಸಿ ಕಳಿಸಿದ್ದಾರೆ, ಕೆಲವರು ಮೊಬೈಲಿಗೆ ಬಂದ ಸಂದೇಶವನ್ನು ಬರೆದು ಕಳಿಸಿದ್ದಾರೆ. ಓದುವುದು ಒಳ್ಳೆಯದೇ. ಆದರೆ ಅಧ್ಯಯನ ಯಾವ ರೋಗಿಗಳ ಮೇಲೆ ನಡೆಯಿತು, ಕೊನೆಗೆ ಅಳೆದದ್ದು ಏನನ್ನು ಎಂಬ ಎರಡು ವಿಷಯ ಸುದ್ದಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗಿರುತ್ತದೆ. ಅವೆರಡನ್ನೂ ಸೇರಿಸಿಕೊಂಡೇ ಉತ್ತರಿಸುತ್ತೇನೆ.

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ನಮ್ಮ ಮಾವನವರಿಗೆ ವಾರವಾದರೂ ಜ್ವರ ಬಿಡಲಿಲ್ಲ. ಡೆಂಗಿ ಅಲ್ಲ, ಮಲೇರಿಯಾ ಅಲ್ಲ ಎಂದರು. ಕೊನೆಗೆ ನುಸಿ ಕಡಿತದಿಂದ ಬರುವ ಸ್ಕ್ರಬ್ ಟೈಫಸ್ ಎಂದು ಗೊತ್ತಾಗಿ ಡಾಕ್ಸಿಸೈಕ್ಲಿನ್ ಮಾತ್ರೆಯಲ್ಲೇ ಗುಣವಾಯಿತು. ಈಗ ಎರಡು ಔಷಧಿ ಒಟ್ಟಿಗೆ ಕೊಡಬೇಕೆಂಬ ಸಂಶೋಧನೆ ಇದೆಯಂತೆ. ಅವರಿಗೆ ಅರ್ಧ ಚಿಕಿತ್ಸೆ ಆಯಿತೇ?
– ಹೊಸನಗರ ತಾಲ್ಲೂಕಿನ ಗೃಹಿಣಿ

ಉತ್ತರ: ಇಲ್ಲ ತಾಯಿ, ಪೂರ್ತಿ ಚಿಕಿತ್ಸೆಯೇ ಆಗಿದೆ. ನೀವು ಹೇಳುವ ಸಂಶೋಧನೆ ನಿಜವಾದದ್ದು, ಅದೂ ನಮ್ಮ ದೇಶದ್ದೇ. ಏಳು ಆಸ್ಪತ್ರೆಗಳಲ್ಲಿ ನಡೆದ ಅದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಆದರೆ ಅದರಲ್ಲಿ ಸೇರಿಸಿಕೊಂಡದ್ದು ತೀವ್ರ ಸ್ವರೂಪದ ಸ್ಕ್ರಬ್ ಟೈಫಸ್ ಇದ್ದವರನ್ನು ಮಾತ್ರ: ಉಸಿರಾಟ ಕೆಟ್ಟವರು, ಯಕೃತ್ತು ಅಥವಾ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದವರು, ರಕ್ತದೊತ್ತಡ ಕುಸಿದವರು, ಪ್ರಜ್ಞೆ ಮಸುಕಾದವರು. ಮಾತ್ರೆ ನುಂಗಿ ಮನೆಯಲ್ಲೇ ಚೇತರಿಸಿಕೊಂಡ ನಿಮ್ಮ ಮಾವನವರಂಥವರು ಆ ಗುಂಪಿನಲ್ಲಿ ಇರಲೇ ಇಲ್ಲ.

ಸುಮಾರು 800 ರೋಗಿಗಳನ್ನು ಮೂರು ಗುಂಪು ಮಾಡಿ, ಏಳು ದಿನ ರಕ್ತನಾಳದ ಮೂಲಕ ಔಷಧಿ ಕೊಟ್ಟರು. ಒಂದು ಗುಂಪಿಗೆ ಡಾಕ್ಸಿಸೈಕ್ಲಿನ್, ಇನ್ನೊಂದಕ್ಕೆ ಅಜಿತ್ರೊಮೈಸಿನ್, ಮೂರನೆಯದಕ್ಕೆ ಎರಡೂ. ಐದನೆಯ ದಿನವೂ ಜ್ವರ ಇರುವುದು, ಏಳನೆಯ ದಿನವೂ ತೊಡಕು ಉಳಿದಿರುವುದು, 28 ದಿನದೊಳಗೆ ಸಾವು – ಇವುಗಳಲ್ಲಿ ಯಾವುದಾದರೂ ಒಂದು ಸಂಭವಿಸಿದರೂ ಅದನ್ನು ಕೆಟ್ಟ ಫಲಿತಾಂಶವೆಂದು ಲೆಕ್ಕ ಹಾಕಿದರು. ಡಾಕ್ಸಿಸೈಕ್ಲಿನ್ ಒಂದನ್ನೇ ಪಡೆದ ನೂರು ಜನರಲ್ಲಿ 47 ಮಂದಿಗೆ, ಅಜಿತ್ರೊಮೈಸಿನ್ ಒಂದನ್ನೇ ಪಡೆದವರಲ್ಲಿ 48 ಮಂದಿಗೆ ಹಾಗಾಯಿತು. ಎರಡೂ ಪಡೆದವರಲ್ಲಿ ಇದು 33ಕ್ಕೆ ಇಳಿಯಿತು. ಈ ರೋಗಾಣು ಬದುಕಲು ಪ್ರೋಟೀನು ತಯಾರಿಸಿಕೊಳ್ಳಬೇಕು. ಎರಡು ಔಷಧಿಗಳು ಆ ತಯಾರಿಕೆಯನ್ನು ಎರಡು ಬೇರೆ ಬೇರೆ ಜಾಗದಲ್ಲಿ ತಡೆಯುತ್ತವೆ. ಜೊತೆಯಾಗಿ ಕೊಟ್ಟಾಗ ಲಾಭ ಹೆಚ್ಚಿದ್ದಕ್ಕೆ ಇದೇ ಕಾರಣವಿರಬಹುದು.

ಲಾಭ ಬಂದದ್ದು ಮುಖ್ಯವಾಗಿ ತೊಡಕುಗಳು ಬೇಗ ಇಳಿದದ್ದರಿಂದ. ಸಾವಿನ ಸಂಖ್ಯೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇದು ಸುದ್ದಿಯ ತಲೆಬರಹಕ್ಕೆ ಬರುವ ಮಾತಲ್ಲ. ಆದರೂ ತುರ್ತು ನಿಗಾ ಘಟಕದಲ್ಲಿ ಕೆಲಸ ಮಾಡುವ ನನ್ನಂಥವನಿಗೆ ರೋಗಿಯ ಉಸಿರಾಟ ಎರಡು ದಿನ ಮೊದಲು ಸುಧಾರಿಸುವುದೂ ಸಣ್ಣ ಸಂಗತಿಯಲ್ಲ.

ನನಗೆ ಕಳವಳ ತಂದದ್ದು ನಿಮ್ಮ ಪತ್ರದ ಬೇರೆ ಸಾಲು. ವಾರ ಕಳೆದರೂ ರೋಗ ಯಾವುದೆಂದು ಗೊತ್ತಾಗಲಿಲ್ಲ ಎಂದಿದ್ದೀರಿ. ಯಾವ ಔಷಧಿ, ಎಷ್ಟು ಔಷಧಿ ಎಂಬುದಕ್ಕಿಂತ ಎಷ್ಟನೆಯ ದಿನ ಶುರುವಾಯಿತು ಎಂಬುದೇ ಈ ಕಾಯಿಲೆಯಲ್ಲಿ ದೊಡ್ಡದು. ಜ್ವರಕ್ಕೆಂದು ಸಾಮಾನ್ಯವಾಗಿ ಕೊಡುವ ಪೆನಿಸಿಲಿನ್ ವರ್ಗದ ಔಷಧಿಗಳಾಗಲಿ, ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದಾಗಲಿ ಈ ರೋಗಾಣುವಿಗೆ ನಾಟುವುದಿಲ್ಲ. ರೋಗ ಹರಡುವುದು ಪೊದೆ, ಹುಲ್ಲುಗಳಲ್ಲಿರುವ ಒಂದು ಬಗೆಯ ನುಸಿಯ ಮರಿಯಿಂದ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಹಲವರಲ್ಲಿ ಕಚ್ಚಿದ ಜಾಗದಲ್ಲಿ ಬೀಡಿಯ ಕಿಡಿ ತಾಗಿದಂಥ ಕಪ್ಪು ಹಕ್ಕಳೆ ಉಳಿಯುತ್ತದೆ. ಅದು ನೋಯುವುದಿಲ್ಲ, ತುರಿಸುವುದೂ ಇಲ್ಲ. ಇರುವ ಜಾಗಗಳೋ ಕಂಕುಳು, ತೊಡೆಸಂದು, ಸೊಂಟದ ಪಟ್ಟಿಯ ಅಡಿ, ಹೆಂಗಸರಲ್ಲಿ ಸ್ತನದ ಕೆಳಗೆ. ಅಂಗಿ ಬಿಚ್ಚಿಸದೆ ನೋಡುವ ವೈದ್ಯರಿಗೂ, ತೋರಿಸಲು ನಾಚುವ ರೋಗಿಗೂ ಅದು ಸಿಗುವುದಿಲ್ಲ. ಸೊಪ್ಪಿನ ಬೆಟ್ಟಕ್ಕೋ ಗದ್ದೆಯ ಅಂಚಿಗೋ ಹೋಗಿಬರುವವರಿಗೆ ಐದು ದಿನ ಮೀರಿ ಜ್ವರವಿದ್ದರೆ ಮನೆಯವರೇ ಒಮ್ಮೆ ಮೈಯೆಲ್ಲ ಹುಡುಕಿ. ಕಂಡರೆ ವೈದ್ಯರಿಗೆ ತೋರಿಸಿ. ರಕ್ತಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ, ಅನುಮಾನದ ಮೇಲೆಯೇ ಔಷಧಿ ಆರಂಭಿಸುವುದು ಸರಿಯಾದ ಕ್ರಮ.

ಪ್ರಶ್ನೆ: ಮಂಗನ ಕಾಯಿಲೆಗೆ ಹೊಸ ಲಸಿಕೆ ಬರುತ್ತದೆ ಎಂದು ಕೇಳುತ್ತಲೇ ಇದ್ದೇವೆ. ಹಳೆಯ ಲಸಿಕೆಯನ್ನು ನಿಲ್ಲಿಸಿದ್ದೇಕೆ? ಕೋವಿಡ್ ಲಸಿಕೆ ಒಂದು ವರ್ಷದಲ್ಲಿ ಬಂತಲ್ಲ, ಇದಕ್ಕೇಕೆ ಇಷ್ಟು ತಡ?
– ಸಾಗರ ತಾಲ್ಲೂಕಿನ ಕೃಷಿಕರು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ವೈರಸ್ ಪತ್ತೆಯಾದದ್ದು 1957ರಲ್ಲಿ. ಜಗತ್ತಿನ ವೈದ್ಯಗ್ರಂಥಗಳೆಲ್ಲ ನಮ್ಮ ಹಳ್ಳಿಯ ಹೆಸರಿನಲ್ಲಿ ಕರೆಯುವ ಕಾಯಿಲೆಗೆ ಇಂದಿಗೂ ನಿರ್ದಿಷ್ಟ ಔಷಧಿ ಇಲ್ಲ. 2018ರ ಕೊನೆಯಲ್ಲಿ ನಿಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಹಲವರನ್ನು ಬಲಿ ತೆಗೆದುಕೊಂಡದ್ದನ್ನು ನಿಮಗೆ ಹೇಳಬೇಕಾಗಿಲ್ಲ.

ಹಳೆಯ ಲಸಿಕೆಯ ಬಗ್ಗೆ ಅಂಕಿಅಂಶ ಇದೆ. ಕರ್ನಾಟಕದಲ್ಲಿ 2005ರಿಂದ 2010ರವರೆಗಿನ ದಾಖಲೆಗಳನ್ನು ಪರಿಶೀಲಿಸಿದಾಗ, ಒಂದೇ ಡೋಸ್ ಪಡೆದವರಿಗೆ ರಕ್ಷಣೆಯೇ ಸಿಕ್ಕಿರಲಿಲ್ಲ. ಎರಡು ಡೋಸ್ ಪಡೆದವರಲ್ಲಿ ರಕ್ಷಣೆ ಶೇ 62ರಷ್ಟು, ಆಮೇಲೆ ಬೂಸ್ಟರ್ ಕೂಡ ಪಡೆದವರಲ್ಲಿ ಶೇ 83ರಷ್ಟು. ಚುಚ್ಚಿದ ಜಾಗ ವಿಪರೀತ ನೋಯುತ್ತಿದ್ದುದರಿಂದ ಮೊದಲನೆಯದಾದ ಮೇಲೆ ಹಲವರು ಎರಡನೆಯದಕ್ಕೆ ಬರುತ್ತಿರಲಿಲ್ಲ. ಅಂದರೆ ನೋವನ್ನಷ್ಟೇ ತಿಂದು ರಕ್ಷಣೆ ಪಡೆಯದವರು ಬಹಳ. ಮುಂದೆ ಲಸಿಕೆಯ ಸಾಮರ್ಥ್ಯವೇ ಗುಣಮಟ್ಟದ ಪರೀಕ್ಷೆಯಲ್ಲಿ ನಿಲ್ಲದೆ 2022ರಲ್ಲಿ ಬಳಕೆ ನಿಂತಿತು. ನಿಲ್ಲಿಸಿದ್ದು ಸರಿಯೇ. ಬೇರೊಂದು ಲಸಿಕೆಯ ಸಿದ್ಧತೆ ಅದಕ್ಕೂ ಹತ್ತು ವರ್ಷ ಮೊದಲೇ ಶುರುವಾಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆ ಹೊಸದನ್ನು ಅಭಿವೃದ್ಧಿಪಡಿಸುತ್ತಿದೆ. ಮನುಷ್ಯರ ಮೇಲಿನ ಪ್ರಯೋಗದ ಮೊದಲ ಹಂತದಲ್ಲಿ ನೋಡುವುದು ಮುಖ್ಯವಾಗಿ ಸುರಕ್ಷತೆಯನ್ನು. ‘ಪ್ರಯೋಗ ಯಶಸ್ವಿ’ ಎಂಬ ಸುದ್ದಿ ಓದಿದಾಗ ಯಾವ ಹಂತದ ಪ್ರಯೋಗ ಎಂದು ಮೊದಲು ನೋಡಿ. ರಕ್ತದಲ್ಲಿ ಪ್ರತಿಕಾಯ ಬರುವುದು ಬೇರೆ, ಕಾಡಿಗೆ ಹೋದವರಿಗೆ ಕಾಯಿಲೆ ಬರದಿರುವುದು ಬೇರೆ. ಕೋವಿಡ್ ಇದ್ದಾಗ ಎಲ್ಲ ಊರಿನಲ್ಲೂ ಸಾವಿರಾರು ಜನರಿಗೆ ಸೋಂಕು ತಗಲುತ್ತಿತ್ತು. ಹಾಗಾಗಿ ಲಸಿಕೆ ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ಕೆಲವೇ ತಿಂಗಳಲ್ಲಿ ತಿಳಿಯಿತು. ಮಂಗನ ಕಾಯಿಲೆಯ ಪ್ರಕರಣಗಳು ಕಡಿಮೆ, ಅವೂ ವರ್ಷಕ್ಕೊಂದು ಕಡೆ. ಈ ಹಂಗಾಮಿನಲ್ಲಿ ತೀರ್ಥಹಳ್ಳಿ, ಮುಂದಿನ ಹಂಗಾಮಿನಲ್ಲಿ ಸಿದ್ದಾಪುರ ಎಂದು ಜಾಗ ಬದಲಿಸುವ ಕಾಯಿಲೆಗೆ ಅಂಥ ಪ್ರಯೋಗ ನಡೆಸುವುದು ಕಷ್ಟ. ಹಣ ಹೂಡಲು ಕಂಪನಿಗಳು ಮುಗಿಬೀಳದಿರುವುದಕ್ಕೂ ಇದೇ ಕಾರಣ. ಕಾಯಿಲೆ ಬರುವುದು ಕಾಡಂಚಿನ ಕೂಲಿಯವರಿಗೆ ಮತ್ತು ಸಣ್ಣ ಹಿಡುವಳಿದಾರರಿಗೆ.

ಅಲ್ಲಿಯವರೆಗೆ, ಈ ಕಾಯಿಲೆ ಹರಡುವ ಉಣುಗು ಕಚ್ಚದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಡಬ್ಬಿಯಲ್ಲೇ ಇಡದೆ ಹಚ್ಚಿಕೊಳ್ಳಿ. ನವೆಂಬರಿನಿಂದ ಮೇ ತನಕ ದರಕು (ಒಣಗಿದ ಎಲೆ) ತರಲು ಹೋಗಿಬಂದವರು ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನು ಅಂದೇ ಒಗೆಯಿರಿ. ಸತ್ತ ಮಂಗವನ್ನು ಮುಟ್ಟದೆ ಆಶಾ ಕಾರ್ಯಕರ್ತೆಯರಿಗೆ ತಿಳಿಸಿ. ಸತ್ತ ಮಂಗದ ಮೈಬಿಟ್ಟ ಉಣುಗುಗಳು ಸುತ್ತಲೇ ಚದುರಿರುತ್ತವೆ. ಜ್ವರ ಬಂದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ, ರಕ್ತಸ್ರಾವ ಹೆಚ್ಚುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಕೊಡಿ. ಜ್ವರ ಬಿಟ್ಟಿತೆಂದು ತೋಟಕ್ಕೆ ಇಳಿಯಬೇಡಿ. ಕೆಲವರಿಗೆ ಒಂದೆರಡು ವಾರದ ನಂತರ ಜ್ವರ ಮರಳಿ ಬಂದು, ಈ ಬಾರಿ ವಿಪರೀತ ತಲೆನೋವು, ನಡುಕ, ಗೊಂದಲದಂಥ ಮಿದುಳಿನ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ.

ಪ್ರಶ್ನೆ: ನನಗೆ 74 ವರ್ಷ. ಹೃದಯದ ತೊಂದರೆ ಇಲ್ಲ. ಮುನ್ನೆಚ್ಚರಿಕೆಗೆಂದು ಆಸ್ಪಿರಿನ್ ನುಂಗುತ್ತಿದ್ದೇನೆ. ಅದು ಬೇಡವೆಂದು ಓದಿದೆ. ಬಿಡಲೇ?
– ತೀರ್ಥಹಳ್ಳಿಯ ನಿವೃತ್ತ ಶಿಕ್ಷಕರು

ಉತ್ತರ: ಓದಿದ್ದು ಸರಿ ಮೇಷ್ಟ್ರೇ. ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಹಿರಿಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೃದ್ರೋಗವಿಲ್ಲದವರಿಗೆ ಆಸ್ಪಿರಿನ್‌ನಿಂದ ಆರೋಗ್ಯವಂತ ಆಯಸ್ಸು ಹೆಚ್ಚಲಿಲ್ಲ, ರಕ್ತಸ್ರಾವ ಮಾತ್ರ ಹೆಚ್ಚಿತು. ಆದರೆ ಹಿಂದೆ ಹೃದಯಾಘಾತ, ಪಾರ್ಶ್ವವಾಯು ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರು ಇದನ್ನು ಓದಿ ಮಾತ್ರೆ ಬಿಟ್ಟರೆ ಅಪಾಯ. ನೀವು ನಿಮ್ಮ ವೈದ್ಯರಿಗೆ ಹಳೆಯ ಇಸಿಜಿ, ಚೀಟಿಗಳನ್ನು ತೋರಿಸಿ, ಅವರು ಹೇಳಿದ ಮೇಲೆ ನಿಲ್ಲಿಸಿ.

ಪ್ರಶ್ನೆ: ಹಾವು ಕಡಿತಕ್ಕೆ ಮಾತ್ರೆ ಬಂದಿದೆ ಎಂದು ಮೊಬೈಲಿನಲ್ಲಿ ನೋಡಿದೆ. ನಮ್ಮ ಮನೆಯಿಂದ ಆಸ್ಪತ್ರೆಗೆ ಒಂದೂವರೆ ಗಂಟೆ ದಾರಿ. ತರಿಸಿ ಇಟ್ಟುಕೊಳ್ಳಬಹುದೇ?
– ಆಗುಂಬೆ ಸಮೀಪದ ಓದುಗರು

ಉತ್ತರ: ಮಾರುಕಟ್ಟೆಯಲ್ಲಿ ಇಲ್ಲ, ಇದೆ ಎಂದು ಯಾರಾದರೂ ಮಾರಿದರೆ ಕೊಳ್ಳಬೇಡಿ. ಅದರ ಹೆಸರು ವರೆಸ್ಪ್ಲಾಡಿಬ್. ಮೊದಲು ಹೃದ್ರೋಗಿಗಳಿಗೆಂದು ಪ್ರಯೋಗಿಸಿ, ಪ್ರಯೋಜನ ಕಾಣದೆ ಹಾನಿಯ ಅನುಮಾನ ಬಂದು ಕೈಬಿಟ್ಟ ಔಷಧಿ ಅದು. ಹಲವು ಹಾವುಗಳ ವಿಷದಲ್ಲಿರುವ ಒಂದು ಕಿಣ್ವವನ್ನು ತಡೆಯುವುದರಿಂದ ಅದಕ್ಕೆ ಮರುಜನ್ಮ ಸಿಕ್ಕಿತು. ಭಾರತ ಮತ್ತು ಅಮೆರಿಕದ 95 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ಮುಖ್ಯ ಅಳತೆಯಲ್ಲಿ ಮಾತ್ರೆ ಗೆಲ್ಲಲಿಲ್ಲ. ಕಡಿದ ಐದು ಗಂಟೆಯೊಳಗೆ ಪಡೆದವರಲ್ಲಿ ಪ್ರಯೋಜನದ ಸುಳಿವು ಕಂಡಿತು, ಅಷ್ಟೇ. ಅದರಲ್ಲೂ ಎಲ್ಲರಿಗೂ ವಾಡಿಕೆಯ ಚಿಕಿತ್ಸೆ ಜೊತೆಗಿತ್ತು. 2025ರಲ್ಲಿ ಸುದ್ದಿಯಾದ ಪ್ರತಿಕಾಯಗಳ ಮಿಶ್ರಣವಂತೂ ಇನ್ನೂ ಇಲಿಗಳನ್ನು ದಾಟಿಲ್ಲ. ಅದನ್ನು ಪರೀಕ್ಷಿಸಿದ್ದು ನಾಗರಹಾವಿನ ಕುಟುಂಬದ ವಿಷಕ್ಕೆ, ಮಂಡಲದ ವಿಷಕ್ಕಲ್ಲ.

ನಿಮ್ಮ ಭಾಗದಲ್ಲಿ ಇನ್ನೊಂದು ಸಮಸ್ಯೆ ಇದೆ. ಆಸ್ಪತ್ರೆಗಳಲ್ಲಿ ಸಿಗುವ ವಿಷನಿರೋಧಕ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕರ ವಿಷಕ್ಕೆ. ಮಲೆನಾಡಿನ ತೋಟಗಳಲ್ಲಿರುವ, ಮೂಗಿನ ತುದಿ ಮೇಲೆದ್ದಿರುವ ಸಣ್ಣ ಗುಳಿಮಂಡಲಕ್ಕೆ ಅದು ನಾಟುವುದಿಲ್ಲ. ಆ ಹಾವು ಕಡಿದವರಲ್ಲಿ ಕೆಲವರಿಗೆ ರಕ್ತ ಹೆಪ್ಪುಗಟ್ಟದಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ನಿಮ್ಮೂರಿನ ಕಾಳಿಂಗ ಸರ್ಪದ ವಿಷಕ್ಕೂ ಇಲ್ಲಿ ಸಿಗುವ ಔಷಧಿ ಸಾಲದು, ಅದೃಷ್ಟಕ್ಕೆ ಅದು ಕಡಿಯುವುದು ಅಪರೂಪ. ಹಾವನ್ನು ಹಿಡಿದು ತರಬೇಡಿ. ದೂರದಿಂದ ಮೊಬೈಲಿನಲ್ಲಿ ಚಿತ್ರ ಸಿಕ್ಕರೆ ತನ್ನಿ, ಸಿಗದಿದ್ದರೂ ಪರವಾಗಿಲ್ಲ. ಆಸ್ಪತ್ರೆಯಲ್ಲಿ ಸ್ವಲ್ಪ ರಕ್ತವನ್ನು ಶುದ್ಧ ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟಿತೇ ಎಂದು ನೋಡುತ್ತಾರೆ. ಇಂದಿಗೂ ಇದರಷ್ಟು ಅಗ್ಗದ, ಉಪಯುಕ್ತ ಪರೀಕ್ಷೆ ಮತ್ತೊಂದಿಲ್ಲ.

ಒಂದೂವರೆ ಗಂಟೆಯ ದಾರಿಗೆ ನನ್ನ ಸಲಹೆ ಇಷ್ಟು: ಕೈಕಾಲು ಅಲುಗದಂತೆ ದಬ್ಬೆ ಕಟ್ಟಿ, ಬಿಗಿಯಾಗಿ ಹಗ್ಗ ಬಿಗಿಯಬೇಡಿ, ಗಾಯ ಕುಯ್ಯಬೇಡಿ. ಉಂಗುರ, ಬಳೆ ತೆಗೆಯಿರಿ. ವಿಷನಿರೋಧಕದ ದಾಸ್ತಾನು ಯಾವ ಆಸ್ಪತ್ರೆಯಲ್ಲಿದೆ, ರಾತ್ರಿ ಜೀಪು ಯಾರ ಬಳಿ ಸಿಗುತ್ತದೆ ಎಂಬುದನ್ನು ಮಳೆಗಾಲಕ್ಕೆ ಮೊದಲೇ ವಿಚಾರಿಸಿ ಗೋಡೆಯ ಮೇಲೆ ಬರೆದಿಡಿ. ಕರ್ನಾಟಕದಲ್ಲಿ 2024ರಿಂದ ಪ್ರತಿ ಹಾವು ಕಡಿತವನ್ನೂ ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯ. ಯಾವ ತಾಲ್ಲೂಕಿಗೆ ಎಷ್ಟು ಔಷಧಿ ಬೇಕೆಂಬ ಲೆಕ್ಕ ಇನ್ನಾದರೂ ಊಹೆಯ ಮೇಲೆ ನಡೆಯಬಾರದು.

ಪ್ರಶ್ನೆ: ಅಡಿಕೆ ರಸವು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎಂಬ ಸಂಶೋಧನೆಯನ್ನು ನಮ್ಮ ಸಂಘದಲ್ಲಿ ಓದಿ ಹೇಳಿದರು. ಹಾಗಿದ್ದ ಮೇಲೆ ಅಡಿಕೆಯೇ ಕ್ಯಾನ್ಸರ್‌ಕಾರಕ ಎನ್ನುವುದು ಪಿತೂರಿಯಲ್ಲವೇ? ನಾನು ಹೊಗೆಸೊಪ್ಪು ಹಾಕುವುದಿಲ್ಲ, ಊಟದ ಮೇಲೆ ಕವಳ ಮಾತ್ರ.
– ಶೃಂಗೇರಿ ಕಡೆಯ ಬೆಳೆಗಾರರು

ಉತ್ತರ: ನಮ್ಮ ಮನೆಯ ಖರ್ಚೂ ಒಂದು ಕಾಲದಲ್ಲಿ ಅಡಿಕೆಯಿಂದಲೇ ನಡೆದಿದೆ, ಆದ್ದರಿಂದ ಬೆಳೆಗಾರರ ಆತಂಕ ನನಗೆ ಹೊಸದಲ್ಲ. ಆದರೆ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದು ದೊಡ್ಡ ಸಾಧನೆಯಲ್ಲ. ಬ್ಲೀಚಿಂಗ್ ಪುಡಿಯೂ ಕೊಲ್ಲುತ್ತದೆ. ಅದು ಮನುಷ್ಯರ ಮೇಲೆ ನಡೆದ ಅಧ್ಯಯನವಲ್ಲ, ಬಾಯಿಯ ಕ್ಯಾನ್ಸರ್ ಬಂತೇ ಇಲ್ಲವೇ ಎಂಬುದನ್ನು ಅದರಲ್ಲಿ ಅಳೆದೂ ಇಲ್ಲ.

ಮನುಷ್ಯರಲ್ಲಿ ಅಳೆದದ್ದು ಬೇರೆಯೇ ಕಥೆ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು, ಹೊಗೆಸೊಪ್ಪು ಸೇರದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ತೈವಾನಿನಲ್ಲಿ ಜನ ಅಡಿಕೆಯನ್ನು ಹೊಗೆಸೊಪ್ಪಿಲ್ಲದೆಯೇ ಅಗಿಯುತ್ತಾರೆ, ಅಲ್ಲಿಯೂ ಬಾಯಿಯ ಕ್ಯಾನ್ಸರ್ ಹೆಚ್ಚು. ಅದೇ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2022ರಲ್ಲಿ ಜಗತ್ತಿನಲ್ಲಿ ಪತ್ತೆಯಾದ 3,89,800 ಬಾಯಿ ಕ್ಯಾನ್ಸರ್‌ಗಳಲ್ಲಿ ಸುಮಾರು 1,20,200ಕ್ಕೆ ಅಗಿಯುವ ತಂಬಾಕು ಅಥವಾ ಅಡಿಕೆ ಕಾರಣ. ಅದರಲ್ಲಿ 83,400 ಭಾರತದ ಪಾಲು. ಹೊಗೆಸೊಪ್ಪು ಸೇರಿದಾಗ ಅಪಾಯ ಬಹಳ ಹೆಚ್ಚು ಎನ್ನುವುದು ನಿಜ. ದಿನವಿಡೀ ದವಡೆಯಲ್ಲಿ ಗುಟ್ಕಾ ಇಟ್ಟುಕೊಳ್ಳುವವರೂ ಊಟದ ಮೇಲೆ ಒಂದು ಕವಳ ಹಾಕುವವರೂ ಒಂದೇ ಅಲ್ಲ ಎನ್ನುವುದೂ ನಿಜ. ಆದರೆ ಕಡಿಮೆ ಅಪಾಯ ಎಂದರೆ ಅಪಾಯವೇ ಇಲ್ಲ ಎಂದಲ್ಲ. ಬಿಟ್ಟವರಲ್ಲಿ ಕ್ಯಾನ್ಸರ್ ಸಾಧ್ಯತೆ ಇಳಿಯುತ್ತದೆ ಎಂಬುದಕ್ಕೂ ಪುರಾವೆ ಇದೆ.

ಬಾಯಿ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಹೆಮ್ಮೆಯ ಸಂಶೋಧನೆ ನಮ್ಮಲ್ಲೇ ಆಗಿದೆ. ಆರಂಭದ ಹಂತದಲ್ಲಿ ಗಡ್ಡೆಯ ಜೊತೆಗೇ ಕತ್ತಿನ ಗ್ರಂಥಿಗಳನ್ನೂ ತೆಗೆದರೆ, ಮೂರು ವರ್ಷದ ನಂತರ ಬದುಕಿರುವವರು ನೂರಕ್ಕೆ 80, ಕಾದು ನೋಡಿ ತೆಗೆದರೆ 67 ಅಥವಾ 68 ಎಂದು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 2015ರಲ್ಲಿ ತೋರಿಸಿತು. ಹಬ್ಬಿದ ಹಂತದವರಿಗೆ ದುಬಾರಿ ನಿವೊಲುಮಾಬ್ ಔಷಧಿಯನ್ನು ವಾಡಿಕೆಯ ಹತ್ತನೇ ಒಂದು ಪಾಲಿಗಿಂತ ಕಡಿಮೆ ಪ್ರಮಾಣದಲ್ಲಿ, ಅಗ್ಗದ ಮಾತ್ರೆಗಳ ಜೊತೆ ಕೊಟ್ಟಾಗ, ಒಂದು ವರ್ಷ ಬದುಕಿದವರು ನೂರಕ್ಕೆ 16ರಿಂದ 43ಕ್ಕೆ ಏರಿದರು ಎಂದೂ ಅಲ್ಲಿಯವರೇ ತೋರಿಸಿದರು. 80 ಮತ್ತು 43ರ ನಡುವಿನ ಅಂತರವನ್ನು ಗಮನಿಸಿ. ಅದರಲ್ಲಿ ಹೆಚ್ಚಿನ ಪಾಲು ಎಷ್ಟು ಬೇಗ ತೋರಿಸಿಕೊಂಡರು ಎಂಬುದರದ್ದು.

ಕವಳ ಬಿಡುವುದು ಬಿಡದಿರುವುದು ನಿಮಗೆ ಬಿಟ್ಟದ್ದು. ಬಿಡಿ ಎಂದೇ ನಾನು ಹೇಳುತ್ತೇನೆ. ಬಿಡದಿದ್ದರೂ ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ನಿಂತು ಕೆನ್ನೆಯ ಒಳಭಾಗ, ನಾಲಗೆಯ ಅಂಚು ನೋಡಿಕೊಳ್ಳಿ. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಬಾಯಿಗೆ ತೂರಿಸಲು ಆಗುತ್ತದೆಯೇ ಪರೀಕ್ಷಿಸಿ. ಆಗದಿದ್ದರೆ, ಖಾರ ತಿಂದಾಗ ಬಾಯಿ ಉರಿಯುತ್ತಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆಯೋ ಹುಣ್ಣೋ ಎರಡು ವಾರದಲ್ಲಿ ಮಾಯದಿದ್ದರೆ ಶಿವಮೊಗ್ಗಕ್ಕೆ ಬರುವ ತನಕ ಕಾಯಬೇಡಿ. ತಾಲ್ಲೂಕು ಆಸ್ಪತ್ರೆಯ ದಂತವೈದ್ಯರೇ ಮೊದಲ ಪರೀಕ್ಷೆ ಮಾಡಬಲ್ಲರು.